ಕಾರ್ಪೆಂಟರ್ ಆಗುವ ಮೊದಲು ಅವರು ಯಾರು? ಬದಲಾದ ಜರ್ಮನ್ ಅಡ್ಡಹೆಸರಿನ ಮೂಲ ಹುಡುಕುವ ಬಗ್ಗೆ

ಧಾರವಾಡದ ಮಗಳು (ಮಿಲ್ವಾಕಿ)

ಎಲ್ಲರಿಗೂ ನಮಸ್ಕಾರ. ನಾನು ಹುಟ್ಟಿ ಬೆಳೆದದ್ದು ಧಾರವಾಡದಲ್ಲಿ. ಮದುವೆಯಾದ ಮೇಲೆ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿಯಲ್ಲಿ ನೆಲೆಸಿದ್ದೇನೆ. ನನ್ನ ಪತಿಯ ಮನೆತನದ ಅಡ್ಡಹೆಸರು ಕಾರ್ಪೆಂಟರ್. ಕೇಳಿದರೆ ಅಪ್ಪಟ ಇಂಗ್ಲಿಷ್ ಹೆಸರು, ಆದರೆ ಅವರು ಜರ್ಮನ್ ಮೂಲದವರು ಎಂಬುದರಲ್ಲಿ ಮನೆಯಲ್ಲಿ ಯಾರಿಗೂ ಸಂಶಯವಿಲ್ಲ.

ಕಳೆದ ಬೇಸಿಗೆಯಲ್ಲಿ ಊರಿಗೆ ಹೋದಾಗ ನಮ್ಮ ಅಜ್ಜನ ಮನೆಗೆ ಹೆಳವರು ಬಂದಿದ್ದರು. ಅವರು ಪುಸ್ತಕ ಬಿಚ್ಚಿ ಏಳು ತಲೆಮಾರಿನ ಹೆಸರುಗಳನ್ನು ಒಂದೇ ಉಸಿರಿನಲ್ಲಿ ಓದಿದ್ದನ್ನು ಕೇಳಿದ ನನ್ನ ಮಗಳು, ಅಪ್ಪನ ಕಡೆಯವರ ಪುಸ್ತಕ ಯಾರ ಹತ್ತಿರ ಇದೆ ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ಹುಡುಕುತ್ತಿದ್ದೇನೆ, ಒಂದು ಹೆಜ್ಜೆಯೂ ಮುಂದೆ ಹೋಗಿಲ್ಲ.

ಕೈಯಲ್ಲಿರುವುದು ಇಷ್ಟು. ಪತಿಯ ಮುತ್ತಜ್ಜ 1931ರಲ್ಲಿ ಮಿಲ್ವಾಕಿಯಲ್ಲಿ ತೀರಿಕೊಂಡರು. ಸಮಾಧಿಯ ಕಲ್ಲಿನ ಮೇಲೆ ಹುಟ್ಟಿದ ವರ್ಷ 1858 ಎಂದೂ ಅದರ ಕೆಳಗೆ ಮೆಕ್ಲೆನ್‌ಬುರ್ಗ್ (ಉತ್ತರ ಜರ್ಮನಿಯ ಒಂದು ಸೀಮೆ) ಎಂದೂ ಕೆತ್ತಲಾಗಿದೆ. ಮರಣ ಪ್ರಮಾಣಪತ್ರದಲ್ಲಿ ಜನ್ಮದಿನಾಂಕ 14 ಸೆಪ್ಟೆಂಬರ್ 1858 ಎಂದಿದೆ. ತಂದೆಯ ಹೆಸರಿನ ಜಾಗದಲ್ಲಿ ಗೊತ್ತಿಲ್ಲ ಎಂದು ಬರೆದಿದ್ದಾರೆ. ಹಳೆಯ ಜರ್ಮನ್ ಬೈಬಲ್ ಒಂದಿದೆ, ಅದರ ಮೊದಲ ಖಾಲಿ ಹಾಳೆಯಲ್ಲಿ ಕೈಬರಹವಿದೆ, ಅದನ್ನು ಓದಬಲ್ಲವರು ಈಗ ಮನೆಯಲ್ಲಿಲ್ಲ. ನ್ಯೂಯಾರ್ಕಿನ ವಲಸಿಗರ ತಪಾಸಣಾ ಕೇಂದ್ರವಾಗಿದ್ದ ಎಲ್ಲಿಸ್ ದ್ವೀಪದಲ್ಲಿ ಹಡಗಿನಿಂದ ಇಳಿದಾಗ ಅಧಿಕಾರಿಯೊಬ್ಬ ಇವರ ಜರ್ಮನ್ ಹೆಸರು ಉಚ್ಚರಿಸಲಾಗದೆ ಕಾರ್ಪೆಂಟರ್ ಎಂದು ಬರೆದುಬಿಟ್ಟ ಎಂಬುದು ಮನೆತನದ ಕಥೆ. ಅದನ್ನೇ ನಂಬಿ ಕಾರ್ಪೆಂಟರ್ ಎಂಬ ಹೆಸರಿನಲ್ಲಿ ಹಡಗುಗಳ ಪಟ್ಟಿಗಳನ್ನೆಲ್ಲ ಜಾಲಾಡಿದೆ. ಎಲ್ಲಿಯೂ ಇಲ್ಲ. ದಯವಿಟ್ಟು ದಾರಿ ತೋರಿಸಿ.

ಹಳೆಯ ಕಡತ

ನಿಮ್ಮ ಪತಿಯ ಮನೆಯವರಿಗೆ ಬೇಸರವಾಗದಂತೆ ಮೊದಲು ಆ ಎಲ್ಲಿಸ್ ದ್ವೀಪದ ಕಥೆಯನ್ನು ಪಕ್ಕಕ್ಕಿಡಿ. ಅಮೆರಿಕದ ಬಹುತೇಕ ಮನೆಗಳಲ್ಲಿ ಇದೇ ಕಥೆಯನ್ನು ಹೇಳುತ್ತಾರೆ, ಆದರೆ ಅಲ್ಲಿನ ಕೆಲಸ ಹಾಗೆ ನಡೆಯುತ್ತಿರಲಿಲ್ಲ. ಪ್ರಯಾಣಿಕರ ಪಟ್ಟಿಯನ್ನು ಹಡಗಿನ ಸಂಸ್ಥೆಯವರು ಹೊರಡುವ ಬಂದರಿನಲ್ಲೇ, ಅಂದರೆ ಹ್ಯಾಂಬರ್ಗ್ ಅಥವಾ ಬ್ರೆಮೆನ್‌ನಲ್ಲಿ, ಜರ್ಮನ್ ಬಲ್ಲ ಗುಮಾಸ್ತರಿಂದ ಬರೆಸುತ್ತಿದ್ದರು. ನ್ಯೂಯಾರ್ಕಿನ ಅಧಿಕಾರಿ ಆ ಪಟ್ಟಿಯನ್ನು ಕೈಯಲ್ಲಿ ಹಿಡಿದು ಮನುಷ್ಯನನ್ನು ತಾಳೆ ನೋಡುತ್ತಿದ್ದನೇ ಹೊರತು ಹೊಸದಾಗಿ ಹೆಸರು ಬರೆಯುತ್ತಿರಲಿಲ್ಲ. ಎಲ್ಲಿಸ್ ದ್ವೀಪದ ಕೇಂದ್ರ ಆರಂಭವಾದದ್ದು 1892ರ ಜನವರಿ 1ರಂದು. ಅದಕ್ಕೂ ಮೊದಲು, 1855ರಿಂದ 1890ರವರೆಗೆ, ನ್ಯೂಯಾರ್ಕಿನಲ್ಲಿ ಇಳಿದವರು ಕ್ಯಾಸಲ್ ಗಾರ್ಡನ್ ಎಂಬ ಹಿಂದಿನ ವಲಸಿಗರ ಕೇಂದ್ರದ ಮೂಲಕ ಬಂದರು. ಬಾಲ್ಟಿಮೋರ್‌ನಲ್ಲಿ ಇಳಿದ ಜರ್ಮನರೂ ಬಹಳ. ಆದ್ದರಿಂದ ಅವರು ಬಂದ ವರ್ಷ ತಿಳಿಯದೆ ಹಡಗನ್ನು ಹುಡುಕುವುದರಲ್ಲಿ ಅರ್ಥವಿಲ್ಲ.

ಇನ್ನೊಂದು ವಿಷಯವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಆ ಕಾಲದ ಅಮೆರಿಕದಲ್ಲಿ ಹೆಸರು ಬದಲಿಸಲು ನ್ಯಾಯಾಲಯಕ್ಕೆ ಹೋಗಲೇಬೇಕೆಂದಿರಲಿಲ್ಲ. ಮೋಸ ಮಾಡುವ ಉದ್ದೇಶವಿಲ್ಲದಿದ್ದರೆ ಹೊಸ ಹೆಸರನ್ನು ಬಳಸಲು ತೊಡಗಿದರೆ ಸಾಕಿತ್ತು. ಹೀಗಾಗಿ ಈ ಹೆಸರು ಹೋಗಿ ಆ ಹೆಸರು ಬಂತು ಎಂದು ಹೇಳುವ ಕಾಗದ ಬಹುಪಾಲು ಮನೆಗಳಲ್ಲಿ ಹುಟ್ಟಲೇ ಇಲ್ಲ. ನೀವು ಹುಡುಕಬೇಕಾದದ್ದು ಮನುಷ್ಯನನ್ನು, ಹೆಸರನ್ನಲ್ಲ. ಹೆಸರು ಬದಲಾದರೂ ವಯಸ್ಸು, ಹೆಂಡತಿ, ಮಕ್ಕಳ ಸಂಖ್ಯೆ, ಮನೆಯ ವಿಳಾಸ, ಹೋಗುತ್ತಿದ್ದ ಚರ್ಚು ಮತ್ತು ಅಕ್ಕಪಕ್ಕದವರು ಒಂದೇ ದಿನ ಬದಲಾಗುವುದಿಲ್ಲ.

1931ರಿಂದ ಹಿಂದಕ್ಕೆ ನಡೆಯಿರಿ. 1930, 1920, 1910, 1900ರ ಜನಗಣತಿಗಳನ್ನು ಅದೇ ಕ್ರಮದಲ್ಲಿ ನೋಡಿ. 1890ರ ಜನಗಣತಿಯ ಬಹುಭಾಗ 1921ರ ಬೆಂಕಿ ಅನಾಹುತದಲ್ಲಿ ನಾಶವಾಗಿರುವುದರಿಂದ ಅದರ ಆಸೆ ಬೇಡ. ಕಾರ್ಪೆಂಟರ್ ಎಂಬ ಹೆಸರು ಎಲ್ಲಿ ಮಾಯವಾಗುತ್ತದೆಯೋ ಅಲ್ಲಿ ಅಡ್ಡಹೆಸರಿನ ಜಾಗವನ್ನು ಖಾಲಿ ಬಿಟ್ಟು, ಮಕ್ಕಳ ಮೊದಲ ಹೆಸರು ಮತ್ತು ಹುಟ್ಟಿದ ವರ್ಷಗಳನ್ನು ಮಾತ್ರ ಕೊಟ್ಟು, ಮಿಲ್ವಾಕಿಯ ಅದೇ ವಾರ್ಡಿನಲ್ಲಿ ಹುಡುಕಿ. ಆ ಮನೆಯಲ್ಲಿ ಗುರುತು ಹಿಡಿಯಲು ಅನುಕೂಲವಾಗುವ ವಿಶೇಷವೇನಾದರೂ ಇದೆಯೇ?

ಧಾರವಾಡದ ಮಗಳು

ಇದೆ! ನನ್ನ ಪತಿಯ ಅಜ್ಜ ಅವಳಿ. 1893ರಲ್ಲಿ ಹುಟ್ಟಿದ ಒಂದು ಗಂಡು, ಒಂದು ಹೆಣ್ಣು. ಇದು ಇಷ್ಟು ಉಪಯೋಗಕ್ಕೆ ಬರುತ್ತದೆ ಎಂದು ಹೊಳೆದೇ ಇರಲಿಲ್ಲ.

ಸ್ಟುಟ್‌ಗಾರ್ಟ್ ಕನ್ನಡಿಗ

ಹಳೆಯ ಕಡತದವರ ಮಾತಿಗೆ ಒಂದು ಎಚ್ಚರಿಕೆಯನ್ನು ಸೇರಿಸುತ್ತೇನೆ. ಕಾರ್ಪೆಂಟರ್ ಎಂದ ಕೂಡಲೇ ಮೂಲ ಹೆಸರು ತ್ಸಿಮ್ಮರ್‌ಮಾನ್ (Zimmermann) ಎಂದು ತೀರ್ಮಾನಿಸಬೇಡಿ. ಅದು ಅತಿ ಸಂಭವನೀಯ ಉತ್ತರ ನಿಜ, ಆದರೆ ಜರ್ಮನ್ ಭಾಷೆಯಲ್ಲಿ ಮನೆಯ ತೊಲೆ ಜಂತಿ ಕೂಡಿಸುವವನು ತ್ಸಿಮ್ಮರ್‌ಮಾನ್. ಮೇಜು ಕಪಾಟು ಮಾಡುವವನು ಉತ್ತರದಲ್ಲಿ ಟಿಶ್ಲರ್, ದಕ್ಷಿಣದಲ್ಲಿ ಶ್ರೈನರ್. ಮೂರೂ ಅಡ್ಡಹೆಸರುಗಳೇ, ಮೂರೂ ಇಂಗ್ಲಿಷಿನಲ್ಲಿ ಕಾರ್ಪೆಂಟರ್ ಆಗಬಹುದು. ನಮ್ಮ ಉತ್ತರ ಕರ್ನಾಟಕದ ಬಡಿಗೇರ, ಕಮ್ಮಾರ, ಪತ್ತಾರರನ್ನು ನೆನೆದರೆ ಈ ಬಗೆಯ ಹೆಸರುಗಳು ಎಷ್ಟು ಮನೆಗಳಿಗೆ ಇರುತ್ತವೆ ಎಂಬುದು ಕನ್ನಡಿಗರಿಗೆ ಬೇರೆ ಹೇಳಬೇಕಾಗಿಲ್ಲ. ಒಂದೇ ಕಸುಬಿನ ಹೆಸರಿದ್ದ ಮಾತ್ರಕ್ಕೆ ಇಬ್ಬರು ಒಂದೇ ವಂಶದವರಾಗುವುದಿಲ್ಲ.

ಅರ್ಥಕ್ಕೆ ಅರ್ಥ ಇಟ್ಟು ಬದಲಾಯಿಸಿದ ಹೆಸರುಗಳು ಒಂದು ಬಗೆ: ಶ್ವಾರ್ಟ್ಸ್ ಬ್ಲ್ಯಾಕ್ ಆಯಿತು, ಕೋಖ್ ಕುಕ್ ಆಯಿತು, ಕ್ಯೋನಿಗ್ ಕಿಂಗ್ ಆಯಿತು. ಕಿವಿಗೆ ಕೇಳಿದಂತೆ ಬರೆದು ಬದಲಾದವು ಇನ್ನೊಂದು ಬಗೆ. ಅಮೆರಿಕದ ಅಧ್ಯಕ್ಷ ಹರ್ಬರ್ಟ್ ಹೂವರ್ ಅವರ ಪೂರ್ವಜರು ಹೂಬರ್ ಆಗಿದ್ದರು. ಐಸನ್‌ಹೋವರ್ ಮನೆತನ ಐಸನ್‌ಹೌವರ್ ಆಗಿತ್ತು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯನ್ನು ಜರ್ಮನಿಯ ವಿರುದ್ಧ ಮುನ್ನಡೆಸಿದ ಜನರಲ್ ಪರ್ಶಿಂಗ್ ಅವರ ಮೂಲ ಮನೆತನವೂ ಫೆರ್ಶಿಂಗ್ ಎಂಬ ಜರ್ಮನ್ ಮನೆತನವೇ. ಎರಡನೆಯ ಬಗೆಯಲ್ಲಿ ಸದ್ದು ಉಳಿದಿರುತ್ತದೆ, ಹಾಗಾಗಿ ಹುಡುಕುವುದು ಸುಲಭ. ನಿಮ್ಮದು ಮೊದಲನೆಯ ಬಗೆ. ಅಲ್ಲಿ ಸದ್ದು ಯಾವ ಸಹಾಯವನ್ನೂ ಮಾಡುವುದಿಲ್ಲ.

ಬೈಬಲ್ಲಿನ ಹಾಳೆಯ ಛಾಯಾಚಿತ್ರವನ್ನು ಹಾಕಲು ಸಾಧ್ಯವೇ? ಅದು ಕುರೆಂಟ್ ಎಂಬ ಹಳೆಯ ಜರ್ಮನ್ ಕೈಬರಹದ ಲಿಪಿಯಲ್ಲಿರಬೇಕು.

ಧಾರವಾಡದ ಮಗಳು

ಹಾಳೆಯ ಚಿತ್ರ ಹಾಕಿದ್ದೇನೆ. ಅದಕ್ಕಿಂತ ಮೊದಲು, ನಿನ್ನೆ ರಾತ್ರಿ ಸಿಕ್ಕಿದ್ದನ್ನು ಹೇಳದೆ ಇರಲಾರೆ.

1920ರ ಜನಗಣತಿಯಲ್ಲಿ ಅವರು ಕಾರ್ಪೆಂಟರ್ ಆಗಿಯೇ ಇದ್ದಾರೆ. 1910ರಲ್ಲಿ ಆ ಹೆಸರಿಲ್ಲ. ನೀವು ಹೇಳಿದಂತೆ ಅಡ್ಡಹೆಸರನ್ನು ಬಿಟ್ಟು ಅವಳಿ ಮಕ್ಕಳ ಹೆಸರು ಮತ್ತು ವಯಸ್ಸನ್ನು ಕೊಟ್ಟು ಹುಡುಕಿದಾಗ, ಅದೇ ಬೀದಿಯ ಅದೇ ಮನೆ ಸಂಖ್ಯೆಯಲ್ಲಿ, ಅದೇ ಐದು ಮಕ್ಕಳೊಂದಿಗೆ, ತ್ಸಿಮ್ಮರ್‌ಮಾನ್ ಎಂಬ ಕುಟುಂಬ ಸಿಕ್ಕಿತು. ಗಣತಿದಾರ ಕೊನೆಯ ಎರಡು ನಕಾರಗಳಲ್ಲಿ ಒಂದನ್ನು ಬಿಟ್ಟಿದ್ದಾನೆ. ಆಮೇಲೆ ಅಜ್ಜನ ಸೈನ್ಯ ನೋಂದಣಿ ಕಾರ್ಡನ್ನು ಹುಡುಕಿದೆ. 1917ರ ಜೂನ್ 5ರಂದು 21ರಿಂದ 30 ವಯಸ್ಸಿನ ಗಂಡಸರೆಲ್ಲ ನೋಂದಾಯಿಸಬೇಕಿತ್ತಂತೆ. ಅಜ್ಜನಿಗೆ ಆಗ 24. ಕಾರ್ಡಿನ ಕೆಳಗೆ ಅವರದೇ ಸಹಿ ಇದೆ: ತ್ಸಿಮ್ಮರ್‌ಮಾನ್, ಎರಡು ನಕಾರಗಳೊಂದಿಗೆ, ಓರೆಯಾಗಿ, ಶಾಲೆಯಲ್ಲಿ ಕಲಿಸಿದಷ್ಟು ಅಚ್ಚುಕಟ್ಟಾಗಿ. ನನ್ನ ಪತಿ ಆ ಸಹಿಯನ್ನು ಬಹಳ ಹೊತ್ತು ನೋಡುತ್ತ ಕುಳಿತಿದ್ದರು. ತಮ್ಮ ಅಜ್ಜ ತಾವೇ ಆ ಹೆಸರನ್ನು ಬರೆದಿದ್ದರು ಎಂಬುದು ಅವರಿಗೆ ಗೊತ್ತೇ ಇರಲಿಲ್ಲ.

ಗ್ರಂಥಾಲಯದಲ್ಲಿ ನಗರದ ಹಳೆಯ ವಿಳಾಸ ಪುಸ್ತಕಗಳನ್ನು ತೆಗೆಸಿ ನೋಡಿದೆ. 1917ರ ಪುಸ್ತಕದಲ್ಲಿ ಆ ವಿಳಾಸಕ್ಕೆ ಹಳೆಯ ಹೆಸರು, 1919ರ ಪುಸ್ತಕದಲ್ಲಿ ಕಾರ್ಪೆಂಟರ್. ಅಂದರೆ ಹೆಸರು ಬದಲಾದದ್ದು ಬಂದರಿನಲ್ಲಿ ಅಲ್ಲ. ಬಂದು ಮೂವತ್ತಕ್ಕೂ ಹೆಚ್ಚು ವರ್ಷ ಇಲ್ಲಿ ಬದುಕಿದ ಮೇಲೆ, ಇದೇ ಮನೆಯಲ್ಲಿ.

ಹಳೆಯ ಕಡತ

ಅಭಿನಂದನೆಗಳು. ವಿಳಾಸ ಪುಸ್ತಕಗಳ ಬಗ್ಗೆ ನಾನೇ ಹೇಳಬೇಕೆಂದಿದ್ದೆ, ನೀವು ಮೊದಲೇ ಹೋಗಿ ನೋಡಿದ್ದೀರಿ.

1917 ಮತ್ತು 1919ರ ನಡುವೆ ಎಂಬುದೇ ಕಾರಣವನ್ನೂ ಹೇಳುತ್ತದೆ. 1917ರ ಏಪ್ರಿಲ್‌ನಲ್ಲಿ ಅಮೆರಿಕ ಜರ್ಮನಿಯ ಮೇಲೆ ಯುದ್ಧ ಸಾರಿತು. ಮರುವರ್ಷ ಏಪ್ರಿಲ್‌ನಲ್ಲಿ ಇಲಿನಾಯ್‌ನ ಕಾಲಿನ್ಸ್‌ವಿಲ್ ಎಂಬಲ್ಲಿ ರಾಬರ್ಟ್ ಪ್ರಾಗರ್ ಎಂಬ ಜರ್ಮನ್ ವಲಸಿಗನನ್ನು ಜನರ ಗುಂಪು ನೇಣಿಗೆ ಹಾಕಿತು. ಮೇ ತಿಂಗಳಲ್ಲಿ ಅಯೋವಾ ರಾಜ್ಯಪಾಲ ಶಾಲೆ, ಚರ್ಚು, ರೈಲು, ಅಷ್ಟೇಕೆ ದೂರವಾಣಿಯಲ್ಲೂ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಆಡಬಾರದೆಂದು ಘೋಷಣೆ ಹೊರಡಿಸಿದ. ಜರ್ಮನರ ನಗರವೆಂದೇ ಹೆಸರಾಗಿದ್ದ ನಿಮ್ಮ ಮಿಲ್ವಾಕಿಯಲ್ಲೂ ಡಾಯ್ಚರ್ ಕ್ಲಬ್ ವಿಸ್ಕಾನ್ಸಿನ್ ಕ್ಲಬ್ ಆಯಿತು. ಗೆರ್ಮಾನಿಯಾ ಕಟ್ಟಡದ ಮೇಲಿದ್ದ ಗೆರ್ಮಾನಿಯಾ ಪ್ರತಿಮೆಯನ್ನು ಇಳಿಸಿದರು.

ನಿಮ್ಮ ಮುತ್ತಜ್ಜನ ಪೌರತ್ವದ ದಾಖಲೆಯನ್ನೂ ಹುಡುಕಿ. ವಿಸ್ಕಾನ್ಸಿನ್‌ನ 1848ರ ಸಂವಿಧಾನದ ಪ್ರಕಾರ ಪೌರನಾಗುವ ಇಚ್ಛೆಯನ್ನು ಘೋಷಿಸಿದ ವಲಸಿಗನಿಗೇ ಮತದಾನದ ಹಕ್ಕು ಸಿಗುತ್ತಿತ್ತು. ಮೊದಲ ಕಾಗದದಲ್ಲೇ ಕೆಲಸ ಮುಗಿಯುತ್ತಿದ್ದುದರಿಂದ ಎಷ್ಟೋ ಜನ ಪೂರ್ಣ ಪೌರತ್ವದ ಎರಡನೆಯ ಕಾಗದಕ್ಕೆ ಹೋಗಲೇ ಇಲ್ಲ. 1918 ಬಂದಾಗ ಅಂಥವರೆಲ್ಲ ದಾಖಲೆಯಲ್ಲಿ ಶತ್ರು ದೇಶದ ಪ್ರಜೆಗಳಾಗಿ, ಭಾವಚಿತ್ರ ಮತ್ತು ಬೆರಳಚ್ಚು ಕೊಟ್ಟು ನೋಂದಾಯಿಸಬೇಕಾಯಿತು. ಇವರೂ ಆ ಸಾಲಿನಲ್ಲಿ ನಿಂತಿದ್ದರೇ ಎಂಬುದನ್ನು ಕಾಗದವೇ ಹೇಳಬೇಕು. ಊಹೆಯ ಮೇಲೆ ವಂಶಾವಳಿಯಲ್ಲಿ ಬರೆಯಬೇಡಿ. 1906ರ ಸೆಪ್ಟೆಂಬರ್‌ಗಿಂತ ಹಿಂದಿನ ಪೌರತ್ವ ದಾಖಲೆಗಳು ಯಾವ ನ್ಯಾಯಾಲಯದಲ್ಲಾದರೂ ಇರಬಹುದು, ಅವುಗಳಲ್ಲಿ ಹುಟ್ಟಿದ ಊರು ಸಾಮಾನ್ಯವಾಗಿ ಇರುವುದಿಲ್ಲ. ಊರಿಗಾಗಿ ಚರ್ಚಿನ ಪುಸ್ತಕವೇ ಬೇಕು. ಮಿಲ್ವಾಕಿಯ ಲೂಥರನ್ ಚರ್ಚುಗಳು ಮದುವೆ ಮತ್ತು ಅಂತ್ಯಸಂಸ್ಕಾರಗಳನ್ನು ಜರ್ಮನ್ ಭಾಷೆಯಲ್ಲೇ ದಾಖಲಿಸುತ್ತಿದ್ದವು; ಸರ್ಕಾರಿ ಕಾಗದ ಜರ್ಮನಿ ಎಂದು ಬರೆದು ಕೈತೊಳೆದುಕೊಂಡ ಕಡೆಯಲ್ಲಿ ಪಾದ್ರಿ ಹಳ್ಳಿಯ ಹೆಸರನ್ನು ಬರೆದಿರುವ ಸಾಧ್ಯತೆ ಹೆಚ್ಚು.

ಕುಡ್ಲದ ಓದುಗ

ಈ ಚರ್ಚೆಯನ್ನು ಓದುತ್ತ ನನಗೆ ಮಂಗಳೂರು ನೆನಪಾಯಿತು. ಮಿಲ್ವಾಕಿಯಲ್ಲಿ ಹೆಸರು ಬದಲಿಸಿದ ಅದೇ ಯುದ್ಧ ನಮ್ಮ ಕರಾವಳಿಯಿಂದಲೂ ಧಾರವಾಡದಿಂದಲೂ ಬಾಸೆಲ್ ಮಿಷನ್ನಿನ ಜರ್ಮನ್ ಪಾದ್ರಿಗಳನ್ನು ಹೊರಹಾಕಿತು. ಬ್ರಿಟಿಷರು ಅವರಲ್ಲಿ ಅನೇಕರನ್ನು ಅಹಮದ್‌ನಗರದ ಶಿಬಿರದಲ್ಲಿ ಕೂಡಿಟ್ಟು ಆಮೇಲೆ ಹಡಗು ಹತ್ತಿಸಿದರು; ಮಿಷನ್ನಿನ ಹಂಚಿನ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದವು. ಬ್ರಿಟನ್ನಿನ ರಾಜಮನೆತನವೇ 1917ರ ಜುಲೈನಲ್ಲಿ ತನ್ನ ಜರ್ಮನ್ ಹೆಸರನ್ನು ಬಿಟ್ಟು ವಿಂಡ್ಸರ್ ಆಯಿತು, ಬ್ಯಾಟನ್‌ಬರ್ಗ್ ಮನೆತನ ಮೌಂಟ್‌ಬ್ಯಾಟನ್ ಆಯಿತು. ನಾವು ಕೊನೆಯ ವೈಸರಾಯ್ ಎಂದು ಓದಿದ ಹೆಸರು ಅನುವಾದಿತ ಜರ್ಮನ್ ಹೆಸರು: ಬೆರ್ಗ್ ಎಂದರೆ ಬೆಟ್ಟ, ಮೌಂಟ್ ಎಂದರೂ ಅದೇ. ಮಿಲ್ವಾಕಿಯ ಮನೆಯೊಂದು ಅದೇ ಕಾಲದಲ್ಲಿ ಅದನ್ನೇ ಮಾಡಿದೆ.

ನನ್ನ ಪರಿಚಿತರೊಬ್ಬರು ಜರ್ಮನಿಯ ಪಶ್ಚಿಮ ಭಾಗದ ವೆಸ್ಟ್‌ಫಾಲಿಯಾ ಮೂಲದ ಕುಟುಂಬವೊಂದರ ದಾಖಲೆ ನೋಡುವಾಗ ಒಬ್ಬನೇ ಮನುಷ್ಯನಿಗೆ ಎರಡು ಅಡ್ಡಹೆಸರುಗಳಿದ್ದು, ನಡುವೆ ಗೆನಾಂಟ್ ಎಂಬ ಪದವಿತ್ತಂತೆ. ಅದೇನು ಎಂದು ಬಲ್ಲವರು ತಿಳಿಸಬಹುದೇ?

ಸ್ಟುಟ್‌ಗಾರ್ಟ್ ಕನ್ನಡಿಗ

ಗೆನಾಂಟ್ ಎಂದರೆ ‘ಎಂದು ಕರೆಯಲ್ಪಡುವ’ ಎಂದರ್ಥ. ವೆಸ್ಟ್‌ಫಾಲಿಯಾದಲ್ಲಿ ಹೆಸರು ಮನುಷ್ಯನಿಗಿಂತ ಹೆಚ್ಚಾಗಿ ಜಮೀನಿನ ಮನೆಗೆ ಅಂಟಿಕೊಂಡಿರುತ್ತಿತ್ತು; ಆ ಮನೆಯ ಮಗಳನ್ನು ಮದುವೆಯಾಗಿ ಬಂದ ಅಳಿಯ ಮನೆಯ ಹೆಸರನ್ನೇ ತನ್ನದಾಗಿಸಿಕೊಳ್ಳುತ್ತಿದ್ದ. ಗುತ್ತಿನ ಹೆಸರಿನಿಂದ ಜನರನ್ನು ಗುರುತಿಸುವ ಊರಿನವರಾದ ನಿಮಗೆ ಇದು ಬೇಗ ಅರ್ಥವಾದೀತು. ಡಾಲರ್‌ಗಳ ನಾಡಿಗೆ ಬಂದ ಮೇಲೆ ಅಣ್ಣ ಒಂದು ಹೆಸರನ್ನೂ ತಮ್ಮ ಇನ್ನೊಂದನ್ನೂ ಉಳಿಸಿಕೊಂಡ ಉದಾಹರಣೆಗಳಿವೆ. ಪೂರ್ವ ಫ್ರಿಸಿಯಾದಲ್ಲಿ, ನಿಘಂಟು ಮಾಡಿದ ನಮ್ಮ ಕಿಟ್ಟೆಲ್ ಅವರು 1832ರಲ್ಲಿ ಹುಟ್ಟಿದ ಸೀಮೆಯಲ್ಲಿ, ತಂದೆಯ ಹೆಸರೇ ಮಗನ ಎರಡನೆಯ ಹೆಸರಾಗುತ್ತಿತ್ತು. 1811ರಲ್ಲಿ ನೆಪೋಲಿಯನ್ ಆಡಳಿತ ಸ್ಥಿರವಾದ ಅಡ್ಡಹೆಸರನ್ನು ಇಟ್ಟುಕೊಳ್ಳುವಂತೆ ಆಜ್ಞೆ ಮಾಡಿದ ಮೇಲೂ ಆ ರೂಢಿ ಬೇಗ ಹೋಗಲಿಲ್ಲ. ಹೀಗೆ ಜರ್ಮನಿಯ ಒಳಗೇ ಹೆಸರು ಬದಲಾಗುತ್ತಿತ್ತು ಎಂಬುದನ್ನು ಮರೆಯಬಾರದು.

ಈಗ ಬೈಬಲ್ ಹಾಳೆಗೆ ಬರೋಣ. ಧಾರವಾಡದ ಮಗಳೇ, ನಿಮ್ಮ ಹುಡುಕಾಟ ಮುಂದೆ ಹೋಗದಿರಲು ಹೆಸರಿನಷ್ಟೇ ದೊಡ್ಡ ಕಾರಣ ಈ ಹಾಳೆಯಲ್ಲಿದೆ. ಮೊದಲ ಸಾಲಿನಲ್ಲಿ 14 ಎಂಬ ಅಂಕಿಯ ಪಕ್ಕ 9 ಬರೆದು, ಅದಕ್ಕೆ ಅಂಟಿಸಿ ಬೆರ್ ಎಂಬ ಅಕ್ಷರಗಳನ್ನು ಬರೆದಿದ್ದಾರೆ. ನಿಮ್ಮ ಮನೆಯವರು ಇದನ್ನು ಒಂಬತ್ತನೆಯ ತಿಂಗಳು ಎಂದು ಓದಿ ಸೆಪ್ಟೆಂಬರ್ ಎಂದು ಮರಣ ಪತ್ರದಲ್ಲಿ ಬರೆಸಿರಬೇಕು. ಅದು ಸೆಪ್ಟೆಂಬರ್ ಅಲ್ಲ. ಲ್ಯಾಟಿನ್ನಿನಲ್ಲಿ ನೋವೆಮ್ ಎಂದರೆ ಒಂಬತ್ತು. ಹಳೆಯ ಜರ್ಮನ್ ಬರಹಗಾರರು ನವೆಂಬರನ್ನು ಹೀಗೆ ಕುಗ್ಗಿಸಿ ಬರೆಯುತ್ತಿದ್ದರು. 7 ಇದ್ದರೆ ಸೆಪ್ಟೆಂಬರ್, 8 ಇದ್ದರೆ ಅಕ್ಟೋಬರ್. ನಿಮ್ಮ ಮುತ್ತಜ್ಜ ಹುಟ್ಟಿದ್ದು 14 ನವೆಂಬರ್ 1858.

ಹೆಸರನ್ನೂ ಓದಿದ್ದೇನೆ. ಕುರೆಂಟ್ ಬರಹದಲ್ಲಿ ಇ (e), ಎನ್ (n), ಎಂ (m) ಎಂಬ ಅಕ್ಷರಗಳೆಲ್ಲ ಒಂದೇ ಬಗೆಯ ಚೂಪಾದ ಗೀರುಗಳು. ತ್ಸಿಮ್ಮರ್‌ಮಾನ್ ಎಂಬ ಹೆಸರಿನಲ್ಲಿ ಅವೇ ತುಂಬಿರುವುದರಿಂದ ಇಡೀ ಪದ ಬೇಲಿಯ ಗೂಟಗಳ ಸಾಲಿನಂತೆ ಕಾಣುತ್ತದೆ. ಬರೆದವರು ಮಕಾರವನ್ನು ಒಮ್ಮೆ ಮಾತ್ರ ಬರೆದು ಮೇಲೆ ಒಂದು ಅಡ್ಡಗೆರೆ ಎಳೆದಿದ್ದಾರೆ. ಆ ಗೆರೆ ಎಂದರೆ ಅಕ್ಷರ ಇಮ್ಮಡಿ ಎಂದರ್ಥ. ಅಂತರ್ಜಾಲದ ಸೂಚಿಗಳನ್ನು ಮಾಡಿದವರು ಆ ಗೆರೆಯನ್ನು ಗಮನಿಸದೆ ಒಂದೇ ಮಕಾರದ ತ್ಸಿಮರ್‌ಮಾನ್ ಎಂದು ಸೇರಿಸಿರಬಹುದು, ಹಾಗೆಯೂ ಹುಡುಕಿ.

ಧಾರವಾಡದ ಮಗಳು

1900ರ ಜನಗಣತಿ ನಿಮ್ಮ ಓದನ್ನು ಒಪ್ಪುತ್ತದೆ. ಆ ಗಣತಿಯಲ್ಲಿ ಮಾತ್ರ ಹುಟ್ಟಿದ ತಿಂಗಳನ್ನೂ ಕೇಳಿದ್ದರಂತೆ; ಅಲ್ಲಿ ನವೆಂಬರ್ 1858 ಎಂದಿದೆ, ಬಂದ ವರ್ಷ 1882 ಎಂದಿದೆ. ಅಂದರೆ ಎಲ್ಲಿಸ್ ದ್ವೀಪ ತೆರೆಯುವುದಕ್ಕೆ ಹತ್ತು ವರ್ಷ ಮೊದಲು. ಮದುವೆಯ ದಾಖಲೆಗಾಗಿ ಇಲ್ಲಿನ ಚರ್ಚಿಗೆ ಪತ್ರ ಬರೆದಿದ್ದೇನೆ, ಉತ್ತರ ಬರಬೇಕು. 1882ರ ಹಡಗಿಗೆ ಎಲ್ಲಿ ನೋಡಲಿ?

ಹಳೆಯ ಕಡತ

ಹ್ಯಾಂಬರ್ಗ್ ಪಟ್ಟಿಯಲ್ಲಿ. ಬ್ರೆಮೆನ್ನಿನ ಹಳೆಯ ಪಟ್ಟಿಗಳು ಬಹುತೇಕ ಉಳಿದಿಲ್ಲ. ಜಾಗ ಸಾಲದೆಂದು ಕೆಲವನ್ನು ಅಲ್ಲಿನವರೇ ನಾಶಮಾಡಿದರು, ಮಿಕ್ಕವು ಎರಡನೆಯ ಮಹಾಯುದ್ಧದಲ್ಲಿ ಹೋದವು. ಹ್ಯಾಂಬರ್ಗಿನವು 1850ರಿಂದ 1934ರವರೆಗೆ ಉಳಿದಿವೆ, ಮೆಕ್ಲೆನ್‌ಬುರ್ಗ್‌ನವರಿಗೆ ಹತ್ತಿರದ ದೊಡ್ಡ ಬಂದರು ಕೂಡ ಅದೇ. ಬಹುಮುಖ್ಯವಾಗಿ, ಅಮೆರಿಕದಲ್ಲಿ ಸಲ್ಲಿಸಿದ ಪಟ್ಟಿ ದೇಶವನ್ನಷ್ಟೇ ಹೇಳಿದರೆ, ಹ್ಯಾಂಬರ್ಗಿನ ಪಟ್ಟಿ ಕೊನೆಯದಾಗಿ ವಾಸವಿದ್ದ ಊರನ್ನು ಹೇಳುತ್ತದೆ. ಊರು ಸಿಕ್ಕಿದರೆ ಮೆಕ್ಲೆನ್‌ಬುರ್ಗ್-ಶ್ವೆರೀನ್‌ನ 1867ರ ಜನಗಣತಿಯನ್ನು ತೆರೆಯಿರಿ. ಆಗ ನಿಮ್ಮ ಮುತ್ತಜ್ಜ ಒಂಬತ್ತು ವರ್ಷದ ಹುಡುಗ, ತಂದೆತಾಯಿಯ ಜೊತೆಯಲ್ಲೇ ಇರಬೇಕು. ಸರ್ಕಾರಿ ಜನನ ನೋಂದಣಿ ಅಲ್ಲಿ 1876ರಲ್ಲಷ್ಟೇ ಆರಂಭವಾದುದರಿಂದ 1858ರ ಜನನಕ್ಕೆ ಚರ್ಚಿನ ದೀಕ್ಷಾಸ್ನಾನದ ಪುಸ್ತಕವನ್ನೇ ನೋಡಬೇಕು.

ಧಾರವಾಡದ ಮಗಳು

ಹನ್ನೊಂದು ದಿನಗಳ ನಂತರ ಬರೆಯುತ್ತಿದ್ದೇನೆ. ಹ್ಯಾಂಬರ್ಗ್ ಪಟ್ಟಿಯಲ್ಲಿ 1882ರ ಏಪ್ರಿಲ್‌ನಲ್ಲಿ ಹೊರಟ ಹಡಗಿನಲ್ಲಿ 23 ವರ್ಷದ ತ್ಸಿಮ್ಮರ್‌ಮಾನ್ ಇದ್ದಾರೆ, ಮೊದಲ ಹೆಸರೂ ಸರಿಹೊಂದುತ್ತದೆ, ಸೂಚಿಯಲ್ಲಿ ಒಂದೇ ಮಕಾರ. ಊರು ಟೆಟೆರೋ ಪಟ್ಟಣದ ಸಮೀಪದ ಒಂದು ಸಣ್ಣ ಹಳ್ಳಿ. ಮೊನ್ನೆ ಚರ್ಚಿನಿಂದ ಬಂದ ಮದುವೆಯ ದಾಖಲೆಯಲ್ಲೂ ಅದೇ ಹಳ್ಳಿಯ ಹೆಸರಿರುವುದರಿಂದ, ಇದು ನಮ್ಮವರೇ ಎಂದು ಧೈರ್ಯವಾಗಿ ಹೇಳುತ್ತೇನೆ. ಆ ಮನೆತನದವರು ಅಲ್ಲಿ ಈಗಲೂ ಇರಬಹುದಾದ್ದರಿಂದ ಹಳ್ಳಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ.

1867ರ ಜನಗಣತಿಯ ಆ ಪುಟ ನನ್ನ ಮುಂದಿದೆ. ತಂದೆ, ತಾಯಿ, ಒಂಬತ್ತು ವರ್ಷದ ಮುತ್ತಜ್ಜ, ಅವರ ನಂತರ ಆರು ವರ್ಷದ ತಂಗಿ, ಎರಡು ವರ್ಷದ ತಮ್ಮ. ತಂಗಿ ಮತ್ತು ತಮ್ಮ ಇದ್ದರು ಎಂಬುದು ಈ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ನನ್ನ ಮಗಳು ಆ ಐದು ಹೆಸರುಗಳನ್ನು ತನ್ನ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದುಕೊಂಡಿದ್ದಾಳೆ. ತಂದೆಯ ಹೆಸರಿನ ಮುಂದೆ, ಕಸುಬಿನ ಅಂಕಣದಲ್ಲಿರುವ ಪದವನ್ನು ಮಾತ್ರ ನನ್ನಿಂದ ಓದಲಾಗುತ್ತಿಲ್ಲ. ಬಡಗಿ ಎಂದಿರಬಹುದೇ?

ಸ್ಟುಟ್‌ಗಾರ್ಟ್ ಕನ್ನಡಿಗ

ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಬಡಗಿ ಅಲ್ಲ. ಅದು ಟಾಗೆಲ್ಯೋನರ್, ದಿನಗೂಲಿಯವನು. ದೊಡ್ಡ ಜಮೀನ್ದಾರರ ಎಸ್ಟೇಟುಗಳ ನಾಡಾದ ಮೆಕ್ಲೆನ್‌ಬುರ್ಗ್‌ನಲ್ಲಿ ಜೀತವನ್ನು 1820ರ ಹೊತ್ತಿಗೆ ಕಾನೂನಿನಲ್ಲಿ ತೆಗೆದರೂ, ನೆಲೆಸುವ ಹಕ್ಕು ಧಣಿಯ ಕೈಯಲ್ಲೇ ಉಳಿಯಿತು; ಅದು ಸಿಗದೆ ಮದುವೆಯಾಗಲಾಗದ ಕೂಲಿಯವರು ಸಾವಿರಗಟ್ಟಲೆ ಸಂಖ್ಯೆಯಲ್ಲಿ ಹಡಗು ಹತ್ತಿದರು. ಆ ಕಟ್ಟುಪಾಡು ಈ ಗಣತಿಯ ಸುಮಾರಿಗೆ ಸಡಿಲವಾಯಿತು, ಆದರೆ ಕೂಲಿಯವನಿಗೆ ಸ್ವಂತ ಭೂಮಿ ಸಿಗಲಿಲ್ಲ.

ಇನ್ನು 1900ರ ಮೆಕ್ಲೆನ್‌ಬುರ್ಗ್ ಜನಗಣತಿಯನ್ನು ಅದೇ ಹಳ್ಳಿಗೆ ತೆರೆಯಿರಿ. ಎರಡು ವರ್ಷದ ಆ ತಮ್ಮನಿಗೆ ಆಗ ಮೂವತ್ತೈದು ಆಗಿರುತ್ತದೆ. ಅವನು ಊರಿನಲ್ಲೇ ಉಳಿದಿದ್ದರೆ ಹಳೆಯ ಹೆಸರಿನಲ್ಲೇ ಸಿಗುತ್ತಾನೆ.